ಫೇಡ್ ಕಟಿಂಗ್‌ಗೆ ಕೂರುವ ಮುಂಚೆ ನಮಗೆ ಹೇಳಬೇಕಾದ್ದು

ದಾವಣಗೆರೆಯಲ್ಲಿ ನನ್ನದೊಂದು ಕಟಿಂಗ್ ಶಾಪ್ ಇದೆ. ಅಪ್ಪ ಕೈ ಮಿಷನ್ ಹಿಡಿದು ನಿಲ್ಲುತ್ತಿದ್ದ ಜಾಗದಲ್ಲೇ ಈಗ ನಾನು ಕರೆಂಟ್ ಮಿಷನ್ ಹಿಡಿದು ನಿಂತಿದ್ದೇನೆ. ಇಪ್ಪತ್ತರ ಆಸುಪಾಸಿನ ಹುಡುಗರು ಬಂದರೆ ಕೇಳುವುದು ಹೆಚ್ಚಾಗಿ ಒಂದೇ: "ಅಣ್ಣಾ, ಫೇಡ್ ಹಾಕಿ." ಎಲ್ಲಿವರೆಗೆ ಹಾಕಲಿ ಅಂತ ನಾನು ಕೇಳುತ್ತೇನೆ. ಹುಡುಗ ಕನ್ನಡಿ ನೋಡುತ್ತಾನೆ, ಫೋನ್ ನೋಡುತ್ತಾನೆ, ಕೊನೆಗೆ "ನಿಮಗೆ ಗೊತ್ತಲ್ಲಣ್ಣ, ಚೆನ್ನಾಗಿ ಕಾಣಬೇಕು" ಅಂತಾನೆ.

ನನ್ನ ಹತ್ತಿರ ವರ್ಷಗಟ್ಟಲೆ ಬರುವವನಾದರೆ ನನಗೆ ಗೊತ್ತಿರುತ್ತದೆ. ಹೊಸಬನಾದರೆ ಹೇಗೆ ಗೊತ್ತಾಗಬೇಕು? ಫೇಡ್ ಅಂದರೆ ಕೆಳಗೆ ಸಣ್ಣ, ಮೇಲೆ ಹೋಗ್ತಾ ಹೋಗ್ತಾ ಉದ್ದ, ನಡುವೆ ಎಲ್ಲೂ ಗೆರೆ ಕಾಣಬಾರದು. ಇಷ್ಟೇ ಅದರ ಅರ್ಥ. ಎಷ್ಟು ಎತ್ತರಕ್ಕೆ ಹೋಗಬೇಕು, ಕೆಳಗೆ ಎಷ್ಟು ಸಣ್ಣ ಮಾಡಬೇಕು, ಮೇಲೆ ಎಷ್ಟು ಬಿಡಬೇಕು ಅನ್ನೋದು ಆ ಹೆಸರಲ್ಲಿ ಇಲ್ಲ. ಆ ಮೂರನ್ನು ನೀವು ಬಾಯಿ ಬಿಟ್ಟು ಹೇಳಿದರೆ ಯಾವ ಊರಿನ ಯಾವ ಅಂಗಡಿಯಲ್ಲಿ ಕೂತರೂ ಅರ್ಧ ಕೆಲಸ ಮುಗಿದ ಹಾಗೆ. ಹೇಗೆ ಹೇಳಬೇಕು ಅನ್ನೋದನ್ನು ಕುರ್ಚಿಯ ಹಿಂದೆ ನಿಂತವನಾಗಿ ಬರೆಯುತ್ತಿದ್ದೇನೆ.

ಎತ್ತರವನ್ನು ಬೆರಳಿಟ್ಟು ತೋರಿಸಿ

ಲೋ, ಮಿಡ್, ಹೈ ಅಂತ ಮೂರು ಮಾತು ಎಲ್ಲರ ಬಾಯಲ್ಲೂ ಇವೆ. ಆದರೆ ನಿಮ್ಮ ಮಿಡ್ ನನ್ನ ಹೈ ಆಗಿರಬಹುದು. ಹುಡುಗರು "ಮೀಡಿಯಂ" ಅಂದರೆ ನಮ್ಮಲ್ಲಿ ಹಳಬರಿಗೆ ಕೇಳಿಸೋದು ಬೇರೆಯೇ. ನಮ್ಮ ಅಪ್ಪನ ಕಾಲದಿಂದಲೂ ಮೀಡಿಯಂ ಅಂದರೆ ತೀರಾ ಶಾರ್ಟೂ ಅಲ್ಲದ, ಉದ್ದವೂ ಅಲ್ಲದ ಕತ್ತರಿ ಕಟಿಂಗ್. ಹಾಗಾಗಿ ಹೆಸರಿನ ಜೊತೆಗೆ ನಿಮ್ಮ ತಲೆಯ ಮೇಲೇ ಬೆರಳಿಟ್ಟು "ಇಲ್ಲಿಗೆ ನಿಲ್ಲಬೇಕು" ಅಂತ ತೋರಿಸಿ.

ಮನೆಯಲ್ಲೇ ಕನ್ನಡಿ ಮುಂದೆ ಒಮ್ಮೆ ನೋಡಿಕೊಳ್ಳಿ. ಕಿವಿಯ ಮೇಲ್ತುದಿಯಿಂದ ಒಂದು ಬೆರಳಿನ ಅಗಲದಷ್ಟು ಮೇಲೆ ಫೇಡ್ ಮುಗಿದರೆ ಅದು ಲೋ. ಹಣೆಯ ಪಕ್ಕದಲ್ಲಿ, ಹುಬ್ಬಿನ ಕೊನೆಗಿಂತ ಸ್ವಲ್ಪ ಮೇಲಿನ ಮಟ್ಟಕ್ಕೆ ಬಂದು ನಿಂತರೆ ಮಿಡ್. ತಲೆಯ ಪಕ್ಕ ತಿರುಗಿ ಮೇಲ್ಭಾಗ ಆಗುವ ಮೂಲೆಯ ಹತ್ತಿರಕ್ಕೆ ಹೋದರೆ ಹೈ.

ಆ ಮೂಲೆ ಎಲ್ಲಿದೆ ಅಂತ ಕಣ್ಣಳತೆಯಲ್ಲಿ ಗೊತ್ತಾಗಲ್ಲ. ಒಂದು ಬಾಚಣಿಗೆ ತಗೊಳ್ಳಿ. ಅದರ ಚಪ್ಪಟೆ ಬದಿ ತಲೆಗೆ ತಾಗುವ ಹಾಗೆ ಉದ್ದಕ್ಕೆ ನೆಟ್ಟಗೆ ನಿಲ್ಲಿಸಿ ಕಿವಿಯ ಮೇಲ್ಗಡೆ ತಲೆಯ ಪಕ್ಕಕ್ಕೆ ಒತ್ತಿ ಹಿಡಿಯಿರಿ. ಕೆಳಗಡೆ ಬಾಚಣಿಗೆ ತಲೆಗೆ ಅಂಟಿಕೊಂಡಿರುತ್ತದೆ, ಮೇಲೆ ಒಂದು ಕಡೆ ತಲೆ ಒಳಗೆ ಬಾಗಿ ಬಾಚಣಿಗೆ ಗಾಳಿಯಲ್ಲಿ ನಿಲ್ಲುತ್ತದೆ. ತಲೆ ಬಾಚಣಿಗೆಯನ್ನು ಬಿಡುವ ಆ ಜಾಗವೇ ಮೂಲೆ. ಒಬ್ಬೊಬ್ಬರಿಗೆ ಒಂದೊಂದು ಎತ್ತರದಲ್ಲಿ ಇರುತ್ತದೆ, ಒಂದೇ ತಲೆಯಲ್ಲಿ ಎಡಕ್ಕೂ ಬಲಕ್ಕೂ ಸ್ವಲ್ಪ ಫರಕು ಇರುವುದೂ ಉಂಟು. ಫೇಡ್ ಈ ಮೂಲೆ ದಾಟಿ ಮೇಲೆ ಹೋಯಿತೋ, ಮುಂದಿನಿಂದ ನೋಡಿದಾಗ ತಲೆ ಮೇಲಕ್ಕೆ ಚೂಪಾದ ಹಾಗೆ ಕಾಣುತ್ತದೆ. ಹೈ ಫೇಡ್ ಬೇಕು ಅನ್ನುವವರೂ ಈ ಗಡಿಗೆ ಒಂದು ಬೆರಳು ಕೆಳಗೇ ನಿಲ್ಲಿಸಿ ಅಂತ ಹೇಳಿ.

ತಲೆಯ ಹಿಂಭಾಗವನ್ನು ಎಲ್ಲರೂ ಮರೆಯುತ್ತಾರೆ. ಹಿಂದೆ ಕೈಯಾಡಿಸಿದರೆ ಕತ್ತಿಗಿಂತ ಮೇಲೆ ಮೂಳೆಯ ಒಂದು ಉಬ್ಬು ಸಿಗುತ್ತದೆ. ಲೋ ಆದರೆ ಫೇಡ್ ಅದರ ಕೆಳಗೇ ಮುಗಿಯಬೇಕು. ಮಿಡ್ ಆದರೆ ಹೆಚ್ಚುಕಡಿಮೆ ಅದರ ಮಟ್ಟ. ಹಿಂದಲೆ ಚಪ್ಪಟೆಯಾಗಿ ಇರುವವರು ಆ ಉಬ್ಬಿನ ಮೇಲಿನ ಕೂದಲನ್ನು ತೆಗೆಸಲೇಬಾರದು. ಆ ಕೂದಲೇ ಹಿಂದಲೆಗೆ ಗುಂಡಗಿನ ಆಕಾರ ಕೊಡುವುದು. ಇಂಥವರಿಗೆ ಡ್ರಾಪ್ ಫೇಡ್ ಒಳ್ಳೆಯದು. ಅಂದರೆ ಫೇಡ್ ಮುಗಿಯುವ ಮಟ್ಟ ಕಿವಿಯ ಮೇಲಿಂದ ಹೋಗಿ ಕಿವಿಯ ಹಿಂದೆ ಕೆಳಕ್ಕೆ ಇಳಿಯುತ್ತದೆ. ಹೆಸರು ನೆನಪಿರದಿದ್ದರೆ "ಹಿಂದೆ ಕೆಳಗೆ ಇಳಿಸಿ" ಅಂದರೆ ಸಾಕು, ಅರ್ಥವಾಗುತ್ತದೆ.

ಇನ್ನು ಟೇಪರ್. ಇದರಲ್ಲಿ ಸುತ್ತಲೂ ಚರ್ಮ ಕಾಣಿಸುವುದಿಲ್ಲ. ಸೈಡ್ ಲಾಕ್ ಮತ್ತು ಕತ್ತಿನ ಹಿಂದಿನ ಅಂಚು, ಈ ಎರಡು ಕಡೆ ಮಾತ್ರ ಸಣ್ಣ ಮಾಡುತ್ತೇವೆ, ಉಳಿದ ಪಕ್ಕದ ಕೂದಲು ಹಾಗೇ ಇರುತ್ತದೆ. ಮೊದಲ ಸಲ ಮಿಷನ್ ಹಾಕಿಸುವವರಿಗೆ, ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸ ಮಾಡುವವರಿಗೆ, ಮನೆಯಲ್ಲಿ ಹಿರಿಯರ ಕಣ್ಣಿಗೆ ಹೆದರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಟೇಪರ್ ಇಷ್ಟವಾಗದಿದ್ದರೆ ಅದೇ ಕುರ್ಚಿಯಲ್ಲಿ ಕೂತಿರುವಾಗಲೇ ಫೇಡ್ ಮಾಡಬಹುದು. ಫೇಡ್ ಇಷ್ಟವಾಗದಿದ್ದರೆ ತಿಂಗಳು ಕಾಯಬೇಕು.

ಯಾವ ತಲೆಗೆ ಯಾವುದು

ಫೇಡ್ ಬಂದಿದ್ದು ಅಮೆರಿಕದಿಂದ. 1940, 50ರ ದಶಕದಲ್ಲಿ ಅಲ್ಲಿನ ಸೈನಿಕರ ತಲೆಯಲ್ಲಿ ಇತ್ತು. 1980, 90ರ ದಶಕದಲ್ಲಿ ಅಲ್ಲಿನ ಕಪ್ಪು ಜನರ ಬಾರ್ಬರ್ ಶಾಪ್‌ಗಳಲ್ಲಿ ಅದು ಒಂದು ದೊಡ್ಡ ಕಲೆಯಾಗಿ ಬೆಳೆಯಿತು. ನಾವೆಲ್ಲ ಇವತ್ತು ವಿಡಿಯೋ ನೋಡಿ ಕಲಿಯುವುದು ಅವರ ಕೈಚಳಕವನ್ನೇ. ಒಂದು ಮಾತು ಮಾತ್ರ ನೆನಪಿರಲಿ. ಒತ್ತಾದ ಗುಂಗುರು ಕೂದಲಿನಲ್ಲಿ ಒಂದು ಅಳತೆಯಿಂದ ಇನ್ನೊಂದಕ್ಕೆ ಹೋಗುವ ಗೆರೆ ಬೇಗ ಮುಚ್ಚಿಹೋಗುತ್ತದೆ. ನಮ್ಮಲ್ಲಿ ಬಹಳ ಜನರದ್ದು ದಪ್ಪ, ನೇರ, ಕಪ್ಪು ಕೂದಲು. ಇದರಲ್ಲಿ ಪ್ರತಿ ಗೆರೆಯೂ ಎದ್ದು ಕಾಣುತ್ತದೆ, ಅಳಿಸಲು ಹೊತ್ತು ಬೇಕು. ಅದಕ್ಕೇ ಫೋಟೋ ತರುವಾಗ ನಿಮ್ಮಂಥ ಕೂದಲು ಇರುವವನ ಫೋಟೋ ತನ್ನಿ. ಮುಖ ಹೋಲುವುದು ಬೇಡ, ಕೂದಲು ಹೋಲಬೇಕು. ಎಲ್ಲಕ್ಕಿಂತ ಒಳ್ಳೆಯ ಫೋಟೋ ನಿಮ್ಮದೇ. ಯಾವತ್ತಾದರೂ ಕಟಿಂಗ್ ಮನಸ್ಸಿಗೆ ಒಪ್ಪಿದ ದಿನ ಪಕ್ಕದಿಂದ, ಹಿಂದಿನಿಂದ, ಮುಂದಿನಿಂದ ತೆಗೆದು ಇಟ್ಟುಕೊಳ್ಳಿ. ಬರೀ ಮುಂದಿನ ಫೋಟೋ ತೋರಿಸಿದರೆ ನಮಗೆ ಫೇಡ್ ಎಲ್ಲಿದೆ ಅಂತಲೇ ಕಾಣಲ್ಲ.

ಉದ್ದ ಮುಖದವರು ಹೈ ಫೇಡ್ ಕೇಳಿದರೆ ನಾನು ಒಂದು ಸಲ ಬೇಡ ಅಂತೇನೆ. ಪಕ್ಕ ಬೋಳಾಗಿ ಮೇಲೆ ಕೂದಲು ನಿಂತರೆ ಮುಖ ಇನ್ನೂ ಉದ್ದ. ಇವರಿಗೆ ಲೋ ಸರಿ, ಮೇಲಿನ ಕೂದಲು ನಿಲ್ಲಿಸದೆ ಮುಂದಕ್ಕೆ ಬಿಟ್ಟರೆ ಇನ್ನೂ ಸರಿ. ದುಂಡು ಮುಖದವರಿಗೆ ಮಿಡ್ ಚೆನ್ನಾಗಿ ಕೂರುತ್ತದೆ, ಪಕ್ಕದ ದಪ್ಪ ಹೋಗಿ ಮುಖ ತೆಳ್ಳಗೆ ಕಾಣುತ್ತದೆ. ಕಿವಿ ಹೊರಗೆ ಚಾಚಿರುವವರು ಕಿವಿಯ ಸುತ್ತ ಚರ್ಮ ಕಾಣಿಸಬೇಡಿ. ಕಿವಿಯ ಹಿಂದೆ ಕೂದಲು ಕಪ್ಪಗೆ ಇದ್ದರೆ ಕಿವಿ ಅದರಲ್ಲಿ ಸೇರಿಕೊಳ್ಳುತ್ತದೆ.

ಮೇಲೆ ಕೂದಲು ತೆಳ್ಳಗಾಗುತ್ತಿರುವವರು ಮುಜುಗರ ಪಟ್ಟುಕೊಂಡು ಉದ್ದ ಬಿಟ್ಟು ಬಾಚುತ್ತಾರೆ. ಅದರ ಬದಲು ಪಕ್ಕವನ್ನು ಸಣ್ಣ ಮಾಡಿಸಿ. ಪಕ್ಕ ಒತ್ತಾಗಿ ಉದ್ದವಾಗಿ ಇದ್ದಷ್ಟೂ ಮೇಲಿನದು ತೆಳ್ಳಗೆ ಕಾಣುತ್ತದೆ. ಪಕ್ಕ ಇಳಿಸಿದರೆ ಮೇಲಿನದಕ್ಕೆ ಬಲ ಬರುತ್ತದೆ. ಆದರೆ ತೀರಾ ಮೇಲಿನವರೆಗೆ ಬೋಳು ಮಾಡಿಸಬೇಡಿ, ಲೋ ಅಥವಾ ಮಿಡ್ ಸಾಕು.

ಸುಳಿಯ ವಿಷಯ. ಎರಡು ಸುಳಿ ಇದ್ದರೆ ಎರಡು ಮದುವೆ ಅಂತ ಅಜ್ಜಿಯರು ಹೇಳುತ್ತಾರಲ್ಲ, ನಮಗೆ ಎರಡು ಸುಳಿ ಅಂದರೆ ಎರಡು ಪಟ್ಟು ಎಚ್ಚರ. ಸುಳಿಯಲ್ಲಿ ಕೂದಲು ಎಲ್ಲ ದಿಕ್ಕಿಗೂ ತಿರುಗುವುದರಿಂದ ಅಲ್ಲಿ ತೀರಾ ಸಣ್ಣ ಮಾಡಿದರೆ ನಡುವೆ ಚರ್ಮ ಇಣುಕುತ್ತದೆ, ಒಂದಿಷ್ಟು ಉದ್ದ ಬಿಟ್ಟರೆ ಜುಟ್ಟಿನ ಹಾಗೆ ಎದ್ದು ನಿಲ್ಲುತ್ತದೆ. ನಿಮ್ಮ ಸುಳಿಯ ಕೂದಲು ಎದ್ದು ನಿಲ್ಲುವ ಜಾತಿಯದಾದರೆ ಮೊದಲೇ ಹೇಳಿ. ಅಲ್ಲಿ ಕತ್ತರಿ ಹಾಕಿ ಅದರದೇ ತೂಕಕ್ಕೆ ಬೀಳುವಷ್ಟು ಬಿಡುತ್ತೇವೆ.

ಚಿಕ್ಕಂದಿನಲ್ಲಿ ಬಿದ್ದ ಪೆಟ್ಟಿನ ಕಲೆ, ಕಿವಿಯ ಹಿಂದಿನ ನರುಳ್ಳೆ, ಕತ್ತಿನ ಮಚ್ಚೆ ಇದ್ದರೆ ಮಿಷನ್ ಆನ್ ಆಗುವ ಮುಂಚೆ ಕೈಯಿಟ್ಟು ತೋರಿಸಿ. ಕೂದಲೊಳಗೆ ನಮಗೆ ಅವು ಕಾಣಲ್ಲ. ಮಿಷನ್ ತಗುಲಿ ರಕ್ತ ಬರುವುದು ಒಂದು ಕಡೆ, ಇಷ್ಟು ವರ್ಷ ಮುಚ್ಚಿಟ್ಟ ಕಲೆ ಎಲ್ಲರಿಗೂ ಕಾಣಿಸುವುದು ಇನ್ನೊಂದು ಕಡೆ. ಆರು ಮಿ.ಮೀ. ಕೂದಲು ಬಿಟ್ಟರೆ ಸಣ್ಣಪುಟ್ಟ ಕಲೆಗಳು ಬಹುಪಾಲು ಮುಚ್ಚಿಕೊಳ್ಳುತ್ತವೆ.

ದಿನಾ ಹೆಲ್ಮೆಟ್ ಹಾಕುವವರಿಗೆ ಒಂದು ಮಾತು. ಮೇಲೆ ಉದ್ದ ಬಿಟ್ಟು ಎತ್ತಿ ನಿಲ್ಲಿಸುವ ಸ್ಟೈಲ್ ಆಫೀಸ್ ಮುಟ್ಟುವ ಹೊತ್ತಿಗೆ ಚಪ್ಪಟೆಯಾಗಿರುತ್ತದೆ. ಹೆಲ್ಮೆಟ್ ಬಿಡಬೇಡಿ, ಸ್ಟೈಲ್ ಬದಲಾಯಿಸಿ. ಮೇಲೆ ಒಂದೂವರೆ ಬೆರಳು, ಕೈಯಲ್ಲಿ ಕೆದರಿದರೆ ಸಾಕು ಅನ್ನುವ ಹಾಗೆ ಕತ್ತರಿಸಿಕೊಂಡರೆ ಹೆಲ್ಮೆಟ್ ತೆಗೆದ ಮೇಲೆ ಎರಡು ಸಲ ಬೆರಳಾಡಿಸಿದರೆ ಮುಗೀತು.

ನಂಬರ್ ಹೇಳುವಾಗ ಮಿ.ಮೀ. ಕೂಡ ಹೇಳಿ

ಈ ಒಂದು ವಿಷಯದಲ್ಲಿ ಆಗುವಷ್ಟು ಗೊಂದಲ ಬೇರೆ ಯಾವುದರಲ್ಲೂ ಆಗಲ್ಲ. ಎಷ್ಟು ಕೂದಲು ಉಳಿಯಬೇಕು ಅಂತ ಸಲೂನ್ ಮಿಷನ್‌ಗೆ ಸಿಕ್ಕಿಸುವ ಬಾಚಣಿಗೆಯಂಥ ಗಾರ್ಡ್‌ಗಳ ಮೇಲೆ ನಂಬರ್ ಇರುತ್ತದೆ. ಒಂದನೇ ನಂಬರ್ ಅಂದರೆ 3 ಮಿ.ಮೀ., ಎರಡು ಅಂದರೆ 6, ಮೂರು ಅಂದರೆ 10, ನಾಲ್ಕು ಅಂದರೆ 13. ಒಂದೊಂದು ನಂಬರ್‌ಗೆ ಒಂದು ಇಂಚಿನ ಎಂಟನೇ ಒಂದು ಭಾಗ ಏರುತ್ತದೆ, ಅದಕ್ಕೇ ಮಿ.ಮೀ. ಲೆಕ್ಕ ದುಂಡಗೆ ಬರಲ್ಲ. ಆದರೆ ನೀವು ಮನೆಯಲ್ಲಿ ಗಡ್ಡಕ್ಕೆ ಬಳಸುವ ಟ್ರಿಮ್ಮರ್ ಇದೆಯಲ್ಲ, ಅದರ ಚಕ್ರದ ಮೇಲಿನ ಅಂಕಿ ಬಹಳಷ್ಟು ಸಲ ನೇರವಾಗಿ ಮಿ.ಮೀ. ಆಗಿರುತ್ತದೆ. ಅಲ್ಲಿ ಎರಡು ಅಂದರೆ 2 ಮಿ.ಮೀ. ನನ್ನ ಕೈಯಲ್ಲಿರುವ ಎರಡನೇ ನಂಬರ್ ಅದರ ಮೂರು ಪಟ್ಟು ಉದ್ದ. ಕೆಲವು ಅಂಗಡಿಗಳಲ್ಲಿ ತಲೆಗೂ ಅಂಥ ಟ್ರಿಮ್ಮರನ್ನೇ ಬಳಸುತ್ತಾರೆ. "ಪಕ್ಕ ಎರಡು ಹಾಕಿ" ಅಂತ ಹೇಳಿ ಕಣ್ಣು ಮುಚ್ಚಿ ಕೂತರೆ ಕಣ್ಣು ಬಿಟ್ಟಾಗ ಚರ್ಮ ಕಾಣುತ್ತಿರಬಹುದು. "ಎರಡನೇ ನಂಬರ್, ಅಂದರೆ ಆರು ಮಿ.ಮೀ." ಅನ್ನಿ. ಅಳತೆ ತಲೆಗೆ ಹತ್ತದಿದ್ದರೆ ಗಾರ್ಡ್ ಸಿಕ್ಕಿಸಿದ ಮೇಲೆ ಒಮ್ಮೆ ತೋರಿಸಿ ಅಂತ ಕೇಳಿ. ನಮಗೆ ಬೇಜಾರಾಗಲ್ಲ.

ಗಾರ್ಡ್ ಇಲ್ಲದೆ ಬರೀ ಬ್ಲೇಡ್ ಹಾಕುವುದಕ್ಕೆ ಜೀರೋ ಅಂತೀವಿ. ಒಂದು ಮಿ.ಮೀ.ಗೂ ಕಡಿಮೆ. ಅದಕ್ಕೂ ಕೆಳಗೆ ಇಳಿಸಬೇಕು ಅಂದರೆ ಫಾಯಿಲ್ ಶೇವರ್ ಅಥವಾ ರೇಜರ್, ಅದೇ ಸ್ಕಿನ್ ಫೇಡ್. ಮಿಷನ್ ಪಕ್ಕದಲ್ಲಿ ಒಂದು ಲಿವರ್ ಇರುತ್ತದೆ. ಅದನ್ನು ತೆರೆದು ಮುಚ್ಚಿ ಎರಡು ನಂಬರ್‌ಗಳ ನಡುವಿನ ಅಳತೆ ತೆಗೆಯುತ್ತೇವೆ. ಗೆರೆ ಅಳಿಸುವ ಗುಟ್ಟು ಇರುವುದು ಆ ಲಿವರ್ ಮತ್ತು ಮಣಿಕಟ್ಟಿನಲ್ಲಿ. ಮೊದಲು ಕೆಳಗೆ ಜೀರೋದಲ್ಲಿ ಒಂದು ಗೆರೆ ಹಾಕುತ್ತೇವೆ. ಅದರ ಮೇಲೆ ಒಂದು ಬೆರಳು ಅಗಲ ಒಂದನೇ ನಂಬರ್, ಅದರ ಮೇಲೆ ಎರಡನೇದು. ಆಮೇಲೆ ಪ್ರತಿ ಗೆರೆಯ ಹತ್ತಿರ ಬಂದು, ಲಿವರ್ ಅರ್ಧ ತೆರೆದು, ಮಿಷನ್‌ನ ಮೂಲೆಯಿಂದ ಹೊರಕ್ಕೆ ಚಿಮ್ಮಿಸುತ್ತಾ ಆ ಕಪ್ಪನ್ನು ಸ್ವಲ್ಪ ಸ್ವಲ್ಪವೇ ತೆಗೆಯುವುದು. ಈ ಅಳಿಸುವ ಕೆಲಸಕ್ಕೇ ಹೊತ್ತು ಹಿಡಿಯುವುದು. ಮಾಮೂಲಿ ಕಟಿಂಗ್ ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿದರೆ ಒಳ್ಳೆಯ ಫೇಡ್‌ಗೆ ಮುಕ್ಕಾಲು ಗಂಟೆ ಬೇಕು. ದುಡ್ಡು ಸ್ವಲ್ಪ ಜಾಸ್ತಿ ಕೇಳುವುದು ಈ ಕಾರಣಕ್ಕೆ.

ಮೊದಲ ಸಲ ಮಾಡಿಸುವವರು ಜೀರೋ ಬೇಡ. "ಕೆಳಗೆ ಒಂದನೇ ನಂಬರ್‌ನಿಂದ ಶುರು ಮಾಡಿ, ಬೇಕಾದರೆ ಆಮೇಲೆ ಇಳಿಸೋಣ" ಅನ್ನಿ. ಇಳಿಸುವುದು ಯಾವಾಗಲೂ ಆಗುತ್ತದೆ.

ಅಮೆರಿಕಕ್ಕೋ ಲಂಡನ್‌ಗೋ ಹೋದ ನಮ್ಮ ಗಿರಾಕಿ ಹುಡುಗರು ಅಲ್ಲಿ ಏನು ಹೇಳಬೇಕು ಅಂತ ಮೆಸೇಜ್ ಮಾಡಿ ಕೇಳುತ್ತಾರೆ. ಗಾರ್ಡ್ ನಂಬರ್ ಅಲ್ಲೂ ಇದೇ. ಬೆಂಗಳೂರಿನಲ್ಲಿ ಹಿಂದಿ ಮಾತಾಡುವ ಹುಡುಗರ ಅಂಗಡಿಗೆ ಹೋದರೂ ಅಷ್ಟೇ, ಬೆರಳು ಮತ್ತು ನಂಬರ್‌ಗೆ ಭಾಷೆಯ ಹಂಗಿಲ್ಲ.

ಮೇಲೆ ಎಷ್ಟು

ಇಲ್ಲಿ ಒಂದೇ ಎಚ್ಚರ: "ಬಿಡಿ" ಅಥವಾ "ತೆಗೀರಿ" ಅನ್ನೋದನ್ನು ಸ್ಪಷ್ಟವಾಗಿ ಹೇಳಿ. "ಮೇಲೆ ಎರಡಿಂಚು" ಅಂದು ಸುಮ್ಮನಾದರೆ ಎರಡಿಂಚು ಬಿಡಬೇಕೋ ಎರಡಿಂಚು ಕತ್ತರಿಸಬೇಕೋ? ಮೂರಿಂಚು ಕೂದಲಿನವನಿಗೆ ಇದು ದೊಡ್ಡ ವ್ಯತ್ಯಾಸ. ಬೆರಳಿನ ಲೆಕ್ಕ ನಮಗೆ ಇನ್ನೂ ಸುಲಭ, ಯಾಕೆಂದರೆ ನಾವು ಕೂದಲನ್ನು ಹಿಡಿಯುವುದೇ ಬೆರಳ ಸಂದಿಯಲ್ಲಿ. ಒಂದು ಬೆರಳ ಅಗಲ ಸುಮಾರು 2 ಸೆಂ.ಮೀ. "ಎರಡು ಬೆರಳು ಬಿಡಿ, ಮುಂದೆ ಸ್ವಲ್ಪ ಜಾಸ್ತಿ ಇರಲಿ" ಅಂದರೆ ನನಗೆ ಚಿತ್ರ ಸಿಕ್ಕಿತು.

ಜೊತೆಗೆ ಹೇಗೆ ಬಾಚುತ್ತೀರಿ ಅಂತ ಹೇಳಿ. ಎಡಕ್ಕೋ, ಹಿಂದಕ್ಕೋ, ಸುಮ್ನೆ ಮುಂದಕ್ಕೆ ಬಿಡ್ತೀರೋ. ಬೈತಲೆ ತೆಗೆಯುವವರಾದರೆ ಆ ಕಡೆ ಫೇಡ್ ಬೈತಲೆಗೆ ತಾಗಬಾರದು, ತಾಗಿದರೆ ಬೈತಲೆ ಅಗಲವಾಗಿ ಕಾಲುದಾರಿಯ ಹಾಗೆ ಕಾಣುತ್ತದೆ. ಪಕ್ಕದ ಸಣ್ಣ ಕೂದಲಿಗೂ ಮೇಲಿನ ಉದ್ದ ಕೂದಲಿಗೂ ಸಂಬಂಧ ಇರಬೇಕೋ ಬೇಡವೋ ಅನ್ನೋದೂ ಒಂದು ಪ್ರಶ್ನೆ. ಸಂಬಂಧ ಬೇಕು ಅಂದರೆ ನಡುವೆ ಕತ್ತರಿ ಬಾಚಣಿಗೆ ಹಾಕಿ ಸೇರಿಸುತ್ತೇವೆ. ಬೇಡ ಅಂದರೆ ಮೇಲಿನ ಕೂದಲು ಪಕ್ಕದ ಮೇಲೆ ಹಾಗೇ ಬಿದ್ದಿರುತ್ತದೆ, ಅದು ಅಂಡರ್‌ಕಟ್.

ಸುದೀಪ್ ಅವರ 2017ರ "ಹೆಬ್ಬುಲಿ" ಬಂದ ಮೇಲೆ ನಮ್ಮ ಹುಡುಗರು ವರ್ಷಗಟ್ಟಲೆ ಕೇಳಿದ ಹೆಬ್ಬುಲಿ ಕಟಿಂಗ್ ಈ ಬಳಗದ್ದು, ಪಕ್ಕ ಸಣ್ಣ ಮಾಡಿ ಮೇಲೆ ಉದ್ದ ಬಿಡುವುದು. ಅದು ಎಷ್ಟು ಹರಡಿತು ಅಂದರೆ 2023ರಲ್ಲಿ ಬಾಗಲಕೋಟೆ ಜಿಲ್ಲೆಯ ಕುಲಹಳ್ಳಿಯ ಸರ್ಕಾರಿ ಪ್ರೌಢಶಾಲೆಯ ಮುಖ್ಯ ಶಿಕ್ಷಕರು, ನಮ್ಮ ಮಕ್ಕಳಿಗೆ ಈ ಕಟಿಂಗ್ ಮಾಡಬೇಡಿ ಅಂತ ಊರಿನ ಸಲೂನ್‌ನವರಿಗೆ ಪತ್ರವನ್ನೇ ಬರೆದರು. ಶಾಲೆ ಹುಡುಗರು ಬಂದರೆ ಮೊದಲು ಶಾಲೆಯ ನಿಯಮ ಕೇಳುತ್ತೇನೆ, ಅಪ್ಪ ಅಮ್ಮ ಜೊತೆಗಿದ್ದರೆ ಅವರನ್ನೂ ಕೇಳುತ್ತೇನೆ. ಶಾಲೆಗೆ ಹೋಗುವವರಿಗೆ ನನ್ನ ಸಲಹೆ: ಲೋ ಟೇಪರ್, ಪಕ್ಕ ಮೂರನೇ ನಂಬರ್, ಮೇಲೆ ಒಂದು ಬೆರಳು. ನೀಟಾಗಿಯೂ ಇರುತ್ತದೆ, ಯಾರೂ ತರಗತಿಯಿಂದ ಆಚೆ ಕಳಿಸುವುದಿಲ್ಲ.

ಅಂಚುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಕತ್ತಿನ ಹಿಂದೆ ಚೌಕ ಮಾಡಿಸಿದರೆ ಮೂರ್ನಾಲ್ಕು ದಿನ ಚೆಂದ, ಆಮೇಲೆ ಕೆಳಗೆ ಪುಟ್ಟ ಕೂದಲು ಬಂದು ಗಲೀಜಾಗಿ ಕಾಣುತ್ತದೆ. ಅಂಚು ಇಲ್ಲದೆ ಇಳಿಸಿದರೆ ಬೆಳೆದರೂ ಗೊತ್ತಾಗಲ್ಲ. ಗಡ್ಡ ಇದ್ದವರು ಸೈಡ್ ಲಾಕ್ ಅನ್ನು ಗಡ್ಡಕ್ಕೆ ಹೇಗೆ ಸೇರಿಸಬೇಕು ಅಂತ ಹೇಳಿ. ಕಿವಿಯ ಮಧ್ಯದ ಹತ್ತಿರ ಎರಡೂ ಸಣ್ಣದಾಗಿ ಸೇರಿದರೆ ಚೆನ್ನ. ಹಣೆಯ ಮೇಲೆ ರೇಜರ್‌ನಲ್ಲಿ ನೇರ ಗೆರೆ ಎಳೆಸುವುದನ್ನು ಮಾತ್ರ ನಾನು ಯಾರಿಗೂ ಹೇಳಲ್ಲ. ಹುಟ್ಟಿನಿಂದ ಬಂದ ಅಂಚನ್ನು ಹಿಂದಕ್ಕೆ ತಳ್ಳಿದರೆ ಮೂರು ದಿನಕ್ಕೆ ಹಣೆಯ ಮೇಲೆ ಹಸಿರು ಗರಿಕೆಯ ಬಣ್ಣ ಬರುತ್ತದೆ, ಆಮೇಲೆ ಅದನ್ನು ಬೋಳಿಸುತ್ತಲೇ ಇರಬೇಕು.

ಯಾವಾಗ ಬರಬೇಕು, ಹೇಗೆ ಬರಬೇಕು

ಮಂಗಳವಾರ ನಮ್ಮ ಕಡೆ ಅಂಗಡಿಗೆ ರಜ, ಗೊತ್ತಿರುವುದೇ. ಭಾನುವಾರ ಬೆಳಿಗ್ಗೆ ಬೆಂಚಿನ ತುಂಬಾ ಜನ. ಆ ಹೊತ್ತಿನಲ್ಲಿ ಫೇಡ್ ಕೇಳಿದರೆ ಎಂಥ ಕೈಯವನಿಗೂ ಅವಸರ ಬರುತ್ತದೆ, ಅವಸರದಲ್ಲಿ ಮೊದಲು ಕೆಡುವುದು ಗೆರೆ ಅಳಿಸುವ ಕೆಲಸ. ಬುಧವಾರ, ಗುರುವಾರ, ಶುಕ್ರವಾರ ಮಧ್ಯಾಹ್ನಕ್ಕೆ ಮುಂಚೆ ಬನ್ನಿ. ಮದುವೆ, ನಿಶ್ಚಿತಾರ್ಥ ಇದ್ದರೆ ಎರಡು ದಿನ ಮುಂಚೆ ಮಾಡಿಸಿ. ಕೆಂಪಾದ ಚರ್ಮ ತಣ್ಣಗಾಗಿರುತ್ತದೆ, ಫೇಡ್ ಇನ್ನೂ ಹೊಸದಾಗಿಯೇ ಇರುತ್ತದೆ.

ತಲೆ ತೊಳೆದು, ಪೂರ್ತಿ ಒಣಗಿಸಿ ಬನ್ನಿ. ಎಣ್ಣೆ ಹಚ್ಚಿದ ತಲೆಗೆ ಮಿಷನ್ ಹಾಕಿದರೆ ಕೂದಲು ಹಲ್ಲಿಗೆ ಅಂಟಿಕೊಂಡು ಎಳೆಯುತ್ತದೆ, ನಿಮಗೆ ನೋವು. ಅದೂ ಅಲ್ಲದೆ ಎಣ್ಣೆಯಲ್ಲಿ ಕೂದಲು ತಲೆಗೆ ಅಂಟಿ ಮಲಗಿರುತ್ತದೆ, ಅದರ ನಿಜವಾದ ದಪ್ಪ, ತಿರುವು ನಮಗೆ ಕಾಣಲ್ಲ. ಜೆಲ್ ಹಾಕಿಕೊಂಡು ಬರುವುದೂ ಬೇಡ. ದಿನಾ ಹೇಗೆ ಇರುತ್ತೀರೋ ಹಾಗೆ ಬಂದರೆ ನಾವು ಆ ದಿನನಿತ್ಯದ ತಲೆಗೇ ಕಟಿಂಗ್ ಮಾಡುತ್ತೇವೆ.

ಡೈ ಹಾಕುವವರು ಇದನ್ನು ಗಮನವಿಟ್ಟು ಓದಿ. ಕೂದಲು ತಿಂಗಳಿಗೆ ಒಂದರಿಂದ ಒಂದೂಕಾಲು ಸೆಂ.ಮೀ. ಬೆಳೆಯುತ್ತದೆ. ಡೈ ಹಾಕಿ ಹದಿನೈದು ದಿನ ಆಗಿದ್ದರೆ ಬುಡದಲ್ಲಿ ಐದಾರು ಮಿ.ಮೀ. ಬಿಳಿ ಬಂದಿರುತ್ತದೆ. ಅಂಥ ತಲೆಗೆ ಪಕ್ಕದಲ್ಲಿ ಎರಡನೇ ನಂಬರ್ ಹಾಕಿದರೆ ಕಪ್ಪೆಲ್ಲ ನೆಲದ ಮೇಲೆ, ಬಿಳಿಯೆಲ್ಲ ತಲೆಯ ಮೇಲೆ. ಮೇಲೆ ಮಾತ್ರ ಕಪ್ಪು ಟೋಪಿ ಇಟ್ಟ ಹಾಗೆ ಉಳಿಯುತ್ತದೆ. ಕಟಿಂಗ್ ಮೊದಲು, ಡೈ ಆಮೇಲೆ. ಡೈ ಬಿಡಬೇಕು ಅಂತ ಯೋಚಿಸುತ್ತಿರುವವರಿಗೆ ಫೇಡ್ ಒಳ್ಳೆಯ ದಾರಿ. ಪಕ್ಕದ ಬಿಳಿ ಸಣ್ಣದಾದಾಗ ಬೆಳ್ಳಿಯ ಛಾಯೆಯ ಹಾಗೆ ಕಾಣುತ್ತದೆ, ಕೆಲವು ತಿಂಗಳಲ್ಲಿ ಮೇಲಿನ ಡೈ ಕೂಡ ಕತ್ತರಿಸಿ ಹೋಗಿರುತ್ತದೆ.

ಕುರ್ಚಿಯಲ್ಲಿ

ಮಿಷನ್ ಕೈಗೆ ತಗೊಳ್ಳುವ ಮುಂಚೆ ಮಾತು ಮುಗಿಸಿ. ಹೀಗೆ ಹೇಳಿದರೆ ಸಾಕು: "ಅಣ್ಣ, ಲೋ ಫೇಡ್. ಇಲ್ಲಿಗೆ ನಿಲ್ಲಿಸಿ. ಕೆಳಗೆ ಒಂದನೇ ನಂಬರ್, ಮೂರು ಮಿ.ಮೀ. ಮೇಲೆ ಎರಡು ಬೆರಳು ಬಿಡಿ, ನಾನು ಎಡಕ್ಕೆ ಬಾಚ್ತೀನಿ. ಕತ್ತಿನ ಹಿಂದೆ ಗೆರೆ ಬೇಡ, ಹಾಗೇ ಇಳಿಸಿ. ಸುಳಿ ಹತ್ರ ಜಾಸ್ತಿ ತೆಗೀಬೇಡಿ." ಇಷ್ಟು ಹೇಳಲು ಅರ್ಧ ನಿಮಿಷ. ಇದನ್ನು ಕೇಳಿದ ಮೇಲೆ ಕೆಲಸ ಬಲ್ಲವನು ಒಂದೆರಡು ಪ್ರಶ್ನೆ ವಾಪಸ್ ಕೇಳುತ್ತಾನೆ. ಏನೂ ಕೇಳದೆ, ಕೂದಲು ಮುಟ್ಟಿಯೂ ನೋಡದೆ ಶುರು ಮಾಡಿದರೆ ನೀವೇ ತಡೆದು "ಎಷ್ಟನೇ ನಂಬರ್ ಹಾಕಿದ್ದೀರಿ?" ಅಂತ ಕೇಳಿ. ಈ ಕೆಲಸ ಬರದವರೂ ಇದ್ದಾರೆ, ಅದು ತಪ್ಪಲ್ಲ, ಕತ್ತರಿಯಲ್ಲಿ ಚಿನ್ನದಂಥ ಕೈ ಇರುವ ಹಿರಿಯರು ಫೇಡ್ ಮಾಡಲ್ಲ. ಅಂಥವರ ಹತ್ತಿರ ಕತ್ತರಿ ಕಟಿಂಗ್ ಮಾಡಿಸಿ, ಫೇಡ್‌ಗೆ ಬೇರೆಯವರನ್ನು ಹುಡುಕಿ. ಅಂಗಡಿಯಿಂದ ಹೊರಗೆ ಬರುವವರ ತಲೆ ನೋಡಿದರೆ ಗೊತ್ತಾಗುತ್ತದೆ.

ಫೋನ್ ಜೇಬಿನಲ್ಲಿಡಿ. ತೊಡೆಯ ಮೇಲೆ ರೀಲ್ಸ್ ನೋಡುತ್ತಾ ಕೂತರೆ ಗಲ್ಲ ಎದೆಗೆ ಇಳಿಯುತ್ತದೆ, ಕತ್ತಿನ ಚರ್ಮ ಹಿಗ್ಗುತ್ತದೆ. ಆ ಬಾಗಿದ ತಲೆಗೆ ನಾನು ಸಮವಾಗಿ ಎಳೆದ ಗೆರೆ ನೀವು ತಲೆ ಎತ್ತಿದ ತಕ್ಷಣ ಓರೆಯಾಗುತ್ತದೆ. ನಾವು ಗಲ್ಲ ಹಿಡಿದು ತಲೆ ತಿರುಗಿಸಿದಾಗ ಅಲ್ಲೇ ಇರಿ, ನಿಮ್ಮಷ್ಟಕ್ಕೆ ವಾಪಸ್ ತರಬೇಡಿ.

ಅಂಚು ತೆಗೆಯಲು ರೇಜರ್ ಬಂದಾಗ ಹೊಸ ಬ್ಲೇಡ್ ನಿಮ್ಮ ಕಣ್ಣ ಮುಂದೆ ಹಾಕಿಸಿ. ಇದರಲ್ಲಿ ಸಂಕೋಚ ಬೇಡವೇ ಬೇಡ. ಹೆಪಟೈಟಿಸ್ ಬಿ, ಸಿ ಅಂಥ ಕಾಯಿಲೆಗಳು ರಕ್ತ ತಾಗಿದ ಬ್ಲೇಡಿನಿಂದ ಹರಡಬಲ್ಲವು. ಸ್ಕಿನ್ ಫೇಡ್‌ನಲ್ಲಿ ಚರ್ಮಕ್ಕೆ ಸಣ್ಣ ಗೀರು ಬೀಳುವುದು ಸಾಮಾನ್ಯವಾದ್ದರಿಂದ ಇದು ಇನ್ನೂ ಮುಖ್ಯ. ಮಿಷನ್‌ನ ಬ್ಲೇಡಿಗೂ ಸ್ಪ್ರೇ ಹೊಡೆದು ಒರೆಸಬೇಕು, ಇಲ್ಲದಿದ್ದರೆ ಗಜಕರ್ಣದಂಥ ಚರ್ಮದ ಸೋಂಕು ಒಂದು ತಲೆಯಿಂದ ಇನ್ನೊಂದಕ್ಕೆ ಹೋಗಬಹುದು. ಕೊನೆಗೆ ಮಸಾಜ್ ಮಾಡಿ ಕತ್ತು ಹಿಡಿದು ಲಟಕ್ ಅನ್ನಿಸಲು ಬಂದರೆ ಬೇಡ ಅನ್ನಿ. ಕತ್ತಿನ ರಕ್ತನಾಳಕ್ಕೆ ಪೆಟ್ಟಾಗಿ ಪಾರ್ಶ್ವವಾಯು ಆದ ಪ್ರಕರಣಗಳಿವೆ. ನನ್ನ ಅಂಗಡಿಯಲ್ಲಿ ಅದನ್ನು ನಿಲ್ಲಿಸಿದ್ದೇನೆ, ಹಳೆಯ ಗಿರಾಕಿಗಳು ಬೇಸರ ಮಾಡಿಕೊಂಡರೂ ಸರಿ.

ಮುಗಿದ ಮೇಲೆ ಹಿಂದೆ ಕನ್ನಡಿ ಹಿಡಿದಾಗ ಸುಮ್ನೆ ತಲೆಯಾಡಿಸಬೇಡಿ. ನೋಡಬೇಕಾದ್ದು ಎರಡು. ಒಂದು, ಎಡ ಬಲ ಫೇಡ್ ಒಂದೇ ಎತ್ತರಕ್ಕೆ ನಿಂತಿದೆಯಾ. ನೆಟ್ಟಗೆ ಕೂತು ಎದುರಿನ ಕನ್ನಡಿಯಲ್ಲೇ ನೋಡಿ. ಇನ್ನೊಂದು, ಕಿವಿಯ ಹಿಂದೆ. ಅಲ್ಲಿ ಮೂಳೆ ತಗ್ಗುದಿಣ್ಣೆಯಾಗಿರುವುದರಿಂದ ಸರಿಯಾಗಿ ಇಳಿಯದ ಕೂದಲು ಕಪ್ಪಗೆ ಉಳಿಯುವುದು ಜಾಸ್ತಿ. ಕಂಡರೆ ಬೆರಳಿಟ್ಟು "ಇಲ್ಲಿ ಇನ್ನೊಂದು ಸಲ" ಅನ್ನಿ. ಟವೆಲ್ ತೆಗೆಯುವ ಮುಂಚೆ ಹೇಳಿದರೆ ಎರಡು ನಿಮಿಷದ ಕೆಲಸ.

ಸ್ಕಿನ್ ಫೇಡ್ ಹತ್ತು ದಿನಕ್ಕೆ ಮಾಸುತ್ತದೆ. ಅಷ್ಟರಲ್ಲಿ ಮೂರು ನಾಲ್ಕು ಮಿ.ಮೀ. ಬೆಳೆದು ಒಂದನೇ ನಂಬರ್‌ಗೆ ಬಂದಿರುತ್ತದೆ. ಎರಡು ವಾರಕ್ಕೊಮ್ಮೆ ಬರಲು ಆಗದವರು ಒಂದನೇ ನಂಬರ್‌ನಿಂದ ಶುರುವಾಗುವ ಲೋ ಫೇಡ್ ಅಥವಾ ಟೇಪರ್ ಮಾಡಿಸಿ, ಮೂರು ನಾಲ್ಕು ವಾರ ನಡೆಯುತ್ತದೆ. ಮನೆಗೆ ಹೋಗಿ ತಲೆಗೆ ಸ್ನಾನ ಮಾಡಿ ಕೂದಲು ಒಣಗಿದ ಮೇಲೆ ಬೆಳಕಿನಲ್ಲಿ ಒಮ್ಮೆ ನೋಡಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಾಣದ ಗೆರೆ ಬಿಸಿಲಿನಲ್ಲಿ ಕಾಣುವುದುಂಟು. ಕಂಡರೆ ಮನೆಯ ಟ್ರಿಮ್ಮರ್ ಹಿಡಿದು ಸರಿ ಮಾಡಲು ಹೋಗಬೇಡಿ, ಅದರಲ್ಲಿ ಲಿವರ್ ಇರಲ್ಲ, ಗೆರೆ ಹೋಗುವ ಬದಲು ಮೇಲಕ್ಕೆ ಏರುತ್ತದೆ. ಒಂದೆರಡು ದಿನದೊಳಗೆ ಮಾಡಿದವರ ಹತ್ತಿರವೇ ವಾಪಸ್ ಹೋಗಿ ಆ ಜಾಗ ತೋರಿಸಿ. ನಾನಂತೂ ಅದಕ್ಕೆ ದುಡ್ಡು ಕೇಳಲ್ಲ.